ಶೋಕೇಸ್‌ನಿಂದ ಇಳಿಯಲಿ ಗಾಜಿನ ಗ್ಲಾಸು

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಹೊರಗೆ ಬಿಸಿಲು 42 ಡಿಗ್ರಿ ದಾಟಿದೆ. ಇಂಥ ಹೊತ್ತಿನಲ್ಲೇ ಬಾಗಿಲಲ್ಲಿ ಬೀಗರ ಧ್ವನಿ! 'ಬರ್ರಿ, ಒಳಗ ಬರ್ರಿ' ಎಂದು ಕರೆದು, ಫ್ಯಾನು ಹಾಕಿ ಕೂಡಿಸಿ, ನೀವು ಅಡುಗೆಮನೆಗೆ ಓಡುತ್ತೀರಿ. ಮೊದಲು ನೀರು, ಆಮೇಲೆ ಲಿಂಬೆ ಶರಬತ್ತು, ಅದಾದ ಮೇಲೆ ಚಹಾ. ಅದೇನೋ ಸರಿ, ಆದರೆ ಯಾವುದರಲ್ಲಿ ಕೊಡುತ್ತೀರಿ? ದಿನಾ ಬಳಸುವ ಸ್ಟೀಲ್ ಲೋಟದಲ್ಲಿ ಕೊಡಲು ಮನಸ್ಸಿಲ್ಲ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಗಾಜಿನ ಸೆಟ್ ಶೋಕೇಸ್‌ನಲ್ಲಿದೆ. ತೆಗೆದು ನೋಡಿದರೆ ಮೈತುಂಬ ಬಿಳಿ ಬಿಳಿ ಕಲೆ, ಒರೆಸಿದರೂ ಹೋಗದು. ಅವಸರದಲ್ಲಿ ಅದಕ್ಕೇ ಕುದಿಯುವ ಚಹಾ ಸುರಿದಿರೋ, 'ಚಟ್' ಎಂದು ತಳವೇ ಕಳಚಿಕೊಂಡೀತು!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಗೃಹಿಣಿಯರಿಗೆ ಈ ಫಜೀತಿ ಹೊಸದಲ್ಲ. ಗ್ಲಾಸು ಬಾಳಲಿಲ್ಲವೆಂದರೆ ಮನೆಯವರೆಲ್ಲ ನಮ್ಮ ಕೈಗುಣವನ್ನೇ ದೂರುತ್ತಾರೆ. ನಿಜ ಹೇಳಬೇಕೆಂದರೆ ಗಾಜಿಗೆ ಮೂರು ಶತ್ರುಗಳು: ದಿಢೀರ್ ಶಾಖ, ಗಡಸು ನೀರು, ಗಟ್ಟಿ ನೆಲ. ನಮ್ಮ ಭಾಗದಲ್ಲಿ ಈ ಮೂರೂ ಒಂದೇ ಸೂರಿನಡಿ ಸಿಗುತ್ತವೆ. ದೊಡ್ಡ ಊರಿನ ಅಂಗಡಿಯಲ್ಲಿ ಬೆಳಕಿನ ಕೆಳಗೆ ಮಿನುಗಿದ ಗ್ಲಾಸು ನಮ್ಮ ಮನೆಯಲ್ಲೂ ಹಾಗೇ ಇರುತ್ತದೆಂದು ನಂಬುವ ಮೊದಲು ಈ ಮೂರನ್ನು ನೆನಪು ಮಾಡಿಕೊಳ್ಳಬೇಕು. ಹಾಗೆ ಆರಿಸಿ ತಂದ ಗ್ಲಾಸು ವರ್ಷಕ್ಕೊಮ್ಮೆ ಧೂಳು ಒರೆಸಿಕೊಳ್ಳುವುದನ್ನು ಬಿಟ್ಟು ನಿಜಕ್ಕೂ ಬಳಕೆಗೆ ಬರುತ್ತದೆ.

ನೆಲದಡಿಯ ಸುಣ್ಣ, ಗ್ಲಾಸಿನ ಮೇಲೆ ಕಲೆ

ಮೊದಲು ಈ ಬಿಳಿ ಕಲೆಯ ವಿಷಯ. ಶಹಾಬಾದ್ ಕಲ್ಲು ಯಾರಿಗೆ ಗೊತ್ತಿಲ್ಲ? ಅದು ಸುಣ್ಣಕಲ್ಲೇ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದಿದ್ದೂ ಇದೇ ಸುಣ್ಣಕಲ್ಲನ್ನು ನಂಬಿ. ಮಳೆನೀರು ಈ ಕಲ್ಲಿನ ಸಂದುಗಳಲ್ಲಿ ಇಳಿಯುವಾಗ ಕಲ್ಲನ್ನು ಅಷ್ಟಷ್ಟೇ ಕರಗಿಸಿಕೊಳ್ಳುತ್ತದೆ. ಬೋರ್‌ವೆಲ್‌ನಿಂದ ಮೇಲೆ ಬಂದಾಗ ನೋಡಲು ತಿಳಿಯಾಗಿಯೇ ಇರುತ್ತದೆ. ಆದರೆ ಗ್ಲಾಸಿನ ಮೇಲೆ ನಿಂತ ಹನಿ ಆರಿದಾಗ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಅದೇ ಆ ಬಿಳಿ ಉಂಗುರ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆಯ ನಿಯಮ. ನಿಮ್ಮ ನೀರು ಎಷ್ಟು ಗಡಸು ಎಂದು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಸಾಬೂನಿಗೆ ನೊರೆ ಬರಲು ಎಷ್ಟು ಉಜ್ಜಬೇಕು ನೋಡಿ. ಗೊತ್ತಾಗಿಬಿಡುತ್ತದೆ.

ತಮಾಷೆ ಎಂದರೆ, ಗಾಜಿನೊಳಗೂ ಸುಣ್ಣ ಇದೆ! ಸಾಮಾನ್ಯ ಗಾಜನ್ನು ಮಾಡುವುದೇ ಮರಳು, ಸೋಡಾ ಮತ್ತು ಸುಣ್ಣಕಲ್ಲು ಕರಗಿಸಿ. ನೂರು ಭಾಗದಲ್ಲಿ ಸುಮಾರು 70 ಭಾಗ ಮರಳಿನದು, ಸುಮಾರು 10 ಭಾಗ ಸುಣ್ಣದ್ದು. ಒಳಗಿನ ಸುಣ್ಣದಿಂದ ಗಾಜಿಗೆ ಗಟ್ಟಿತನ, ಹೊರಗಿನ ಸುಣ್ಣದಿಂದ ನಮಗೆ ಕಾಟ.

ಈ ಕಲೆಗೆ ಮದ್ದು ಹುಳಿ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಗ್ಲಾಸನ್ನು ಅರ್ಧ ತಾಸು ಮುಳುಗಿಸಿಡಿ. ವಿನೆಗರ್ ಇಲ್ಲವೆ? ಶರಬತ್ತಿಗೆ ಹಿಂಡಿದ ಲಿಂಬೆ ಸಿಪ್ಪೆಯನ್ನು ಎಸೆಯದೆ ಅದರಿಂದಲೇ ತಿಕ್ಕಿ, ಕಾಲು ತಾಸು ಬಿಟ್ಟು ತೊಳೆಯಿರಿ. ಹುಣಸೆಹಣ್ಣಿನ ನೀರೂ ಆದೀತು. ಅಂಚಿಗೆ ಬಂಗಾರದ ಬಣ್ಣದ ಗೆರೆ ಇರುವ ಗ್ಲಾಸನ್ನು ಮಾತ್ರ ಹೀಗೆ ನೆನೆಹಾಕಬೇಡಿ, ಗೆರೆ ಎದ್ದುಹೋಗುತ್ತದೆ. ಬೂದಿ, ಇಟ್ಟಿಗೆ ಪುಡಿ, ಕಬ್ಬಿಣದ ತಂತಿಯ ಉಂಡೆ ಗಾಜಿನ ಹತ್ತಿರ ಸುಳಿಯಲೇಬಾರದು. ಅವು ಎಳೆಯುವ ಕಣ್ಣಿಗೆ ಕಾಣದಂಥ ಗೀರು ಮುಂದೊಂದು ದಿನ ಬಿರುಕಿಗೆ ದಾರಿ. ಕಾರ್ಖಾನೆ, ಕ್ವಾರಿಯ ಅಕ್ಕಪಕ್ಕದ ಮನೆಯವರು ಶೋಕೇಸ್ ಗ್ಲಾಸನ್ನು ಒಣ ಬಟ್ಟೆಯಿಂದ ಒರೆಸುವುದೂ ಬೇಡ. ಕಲ್ಲಿನ ಧೂಳು ಉಜ್ಜಿದಂತಾಗುತ್ತದೆ. ಮೊದಲು ನೀರು ಹಾಯಿಸಿ, ಆಮೇಲೆ ಬಟ್ಟೆ.

ಹುಳಿಗೂ ಜಗ್ಗದ ಮಬ್ಬು ಇದ್ದರೆ ಅದು ಕಲೆಯಲ್ಲ, ಗಾಜೇ ಸವೆದಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ. ಹೆಣಗಾಡಬೇಡಿ.

ಕಲೆ ಬಾರದಂತೆ ತಡೆಯುವುದು ಇನ್ನೂ ಸುಲಭ. ತೊಳೆದ ಗ್ಲಾಸನ್ನು ತಾನಾಗಿ ಆರಲು ಬಿಡದಿದ್ದರೆ ಆಯಿತು. ಹಳೆಯ ಹತ್ತಿ ಧೋತರದ ತುಂಡಿಗಿಂತ ಒಳ್ಳೆಯ ಒರೆಸುವ ಬಟ್ಟೆ ನಾನು ಕಂಡಿಲ್ಲ, ನೂಲು ಬಿಡುವುದಿಲ್ಲ, ನೀರು ಬೇಗ ಹೀರುತ್ತದೆ. ಮನೆಯಲ್ಲಿ ಆರ್‌ಒ ಯಂತ್ರ ಇದ್ದರೆ ಕೊನೆಯ ಸಲ ಆ ನೀರಿನಲ್ಲಿ ಅದ್ದಿ ತೆಗೆಯಿರಿ. ಇಲ್ಲದವರು ನೀರು ಕುದಿಸಿ ಆರಿಸಿ, ತಳದ ಗಸಿ ಬಿಟ್ಟು ಮೇಲಿನ ತಿಳಿ ಬಳಸಬಹುದು. ಕ್ಯಾಂಡಲ್ ಫಿಲ್ಟರ್ ನಂಬಿಕೊಂಡು ಕೂರಬೇಡಿ, ಅದು ಕಸ ತಡೆಯುತ್ತದೆ, ಕರಗಿದ ಸುಣ್ಣವನ್ನು ತಡೆಯುವುದಿಲ್ಲ.

ಕುದಿಯುವ ಚಹಾಕ್ಕೆ ಯಾವ ಗ್ಲಾಸು?

ಬಹಳ ಮಂದಿ ದಪ್ಪ ಗ್ಲಾಸು ಗಟ್ಟಿ, ಬಿಸಿ ತಡೆಯುತ್ತದೆ ಎಂದುಕೊಂಡಿರುತ್ತಾರೆ. ಆಗುವುದು ತಿರುವುಮುರುವು. ಬಿಸಿ ಬಿದ್ದ ಕೂಡಲೇ ಗ್ಲಾಸಿನ ಒಳಮೈ ಹಿಗ್ಗುತ್ತದೆ. ಹೊರಮೈಗೆ ಆ ಸುದ್ದಿ ಮುಟ್ಟುವುದು ನಿಧಾನ. ಗಾಜು ದಪ್ಪವಿದ್ದಷ್ಟೂ ತಡ ಹೆಚ್ಚು, ಒಳಗೂ ಹೊರಗೂ ಎಳೆದಾಟ ಹೆಚ್ಚು. ಆ ಎಳೆದಾಟ ತಾಳದೆ ಗಾಜು ಬಿರಿಯುತ್ತದೆ. ಭಾರವಾದ ತಳದ, ಹೂವಿನ ಕೆತ್ತನೆಯ ಚೆಂದದ ಗ್ಲಾಸುಗಳು ಚಹಾಕ್ಕೆ ಮೊದಲು ಬಲಿಯಾಗುವುದು ಇದಕ್ಕೇ.

ಬಿಸಿಗೆಂದೇ ಇರುವುದು ಬೋರೋಸಿಲಿಕೇಟ್ ಗಾಜು. ಮರಳಿನ ಜೊತೆ ಬೋರಾನ್ ಆಕ್ಸೈಡ್ ಸೇರಿಸಿ ಮಾಡುವ ಈ ಗಾಜು ಬಿಸಿಗೆ ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದು ಪಾಲು ಮಾತ್ರ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಒಟ್ಟೊ ಶಾಟ್ ಇದನ್ನು ರೂಪಿಸಿದ್ದು ಪ್ರಯೋಗಾಲಯ, ದೀಪಗಳಂಥ ಕೆಲಸಕ್ಕೆ. ಅಡುಗೆಮನೆಗೆ ಬರಲು ಒಬ್ಬ ಗೃಹಿಣಿಯೇ ಬೇಕಾಯಿತು! ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯಲ್ಲಿ ವಿಜ್ಞಾನಿಯಾಗಿದ್ದ ಜೆಸ್ಸಿ ಲಿಟಲ್‌ಟನ್ ಅವರ ಪತ್ನಿ ಬೆಸ್ಸಿ, ಅಡುಗೆಯ ಮಣ್ಣಿನ ಪಾತ್ರೆ ಒಡೆದಾಗ, ನಿಮ್ಮ ಕಂಪನಿಯ ಗಟ್ಟಿ ಗಾಜನ್ನೇ ಏಕೆ ತರಬಾರದು ಎಂದರಂತೆ. ಗಂಡ ಬ್ಯಾಟರಿಯ ಗಾಜಿನ ಜಾಡಿಯ ತಳ ಕೊಯ್ದು ತಂದರು. 1913ರಲ್ಲಿ ಆಕೆ ಅದರಲ್ಲಿ ಕೇಕ್ ಬೇಯಿಸಿ ತೋರಿಸಿದರು. 1915ರಲ್ಲಿ ಪೈರೆಕ್ಸ್ ಪಾತ್ರೆಗಳು ಮಾರುಕಟ್ಟೆಗೆ ಬಂದವು. ನಮ್ಮಲ್ಲಿ ಈ ಜಾತಿಯ ಗಾಜಿಗೆ ಬೋರೋಸಿಲ್ ಎಂಬ ಹೆಸರೇ ರೂಢಿಯಾಗಿದೆ. ಆದರೆ ಹೆಸರು ನೋಡಿ ತೃಪ್ತರಾಗಬೇಡಿ. ಒಂದೇ ಕಂಪನಿ ಬೇರೆ ಬೇರೆ ಗಾಜಿನ ಸಾಮಾನು ಮಾರುವುದುಂಟು. ಡಬ್ಬಿಯ ಮೇಲೆ 'ಬೋರೋಸಿಲಿಕೇಟ್' ಎಂದು ಬರೆದಿದೆಯೇ ಓದಿಕೊಳ್ಳಿ.

ಇದರ ಗ್ಲಾಸು ತೆಳ್ಳಗೆ, ಹಗುರ. ಬೆಲೆ ಹೆಚ್ಚು ನಿಜ. ಆದ್ದರಿಂದ ಎಲ್ಲವನ್ನೂ ಇದರಲ್ಲೇ ಕೊಳ್ಳಬೇಕಿಲ್ಲ, ಚಹಾದ ಆರು ಗ್ಲಾಸು ಇದ್ದರೆ ಧಾರಾಳ. ಬಿಸಿಗೆ ಅಂಜದಿದ್ದರೂ ಕೈಜಾರಿ ಬಿದ್ದರೆ ಇದೂ ಒಡೆಯುತ್ತದೆ, ನೆನಪಿರಲಿ. ಹೋಟೆಲಿನವರು ಬಳಸುವ, ಗೆರೆಗೆರೆಯ ಚಿಕ್ಕ ಕಟಿಂಗ್ ಚಹಾ ಗ್ಲಾಸು ಕೂಡ ಮನೆಗೆ ಬೇಡವೆಂದೇನಿಲ್ಲ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒಳಗೊಂದು ಸ್ಟೀಲ್ ಚಮಚ ನಿಲ್ಲಿಸಿ, ಚಹಾವನ್ನು ಚಮಚದ ಮೇಲೆ ಬೀಳುವಂತೆ ನಿಧಾನವಾಗಿ ಬಗ್ಗಿಸಿ. ಮೊದಲ ಬಿಸಿಯನ್ನು ಚಮಚ ಎಳೆದುಕೊಳ್ಳುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತ್ರ ಹಿಡಿಕೆಯಿರುವ ಕಪ್ಪು-ಬಸಿಯೇ ಸೈ. ಬಿಸಿ ಗ್ಲಾಸನ್ನು ಸೆರಗಿನಲ್ಲಿ ಹಿಡಿದು ಕುಡಿಯುವ ಕಷ್ಟ ಅವರಿಗೇಕೆ?

ತಂಪಿನ ವಿಷಯಕ್ಕೂ ಇದೇ ಲೆಕ್ಕ. ಬಿಸಿನೀರಲ್ಲಿ ತೊಳೆದ ಗ್ಲಾಸಿಗೆ ಆಗಲೇ ಬರ್ಫ ಹಾಕಬೇಡಿ. ಶರಬತ್ತು ಮೊದಲು, ಬರ್ಫ ಆಮೇಲೆ. ಬರಿಯ ಗ್ಲಾಸಿಗೆ ಬಿದ್ದ ಬರ್ಫದ ತುಂಡು ತಳಕ್ಕೆ ಕಲ್ಲಿನಂತೆ ಬಡಿಯುತ್ತದೆ. ಬೇಗ ತಂಪಾಗಲೆಂದು ತುಂಬಿದ ಗ್ಲಾಸನ್ನು ಫ್ರೀಜರ್‌ನಲ್ಲಿಟ್ಟು ಮರೆತರೆ ಅದು ಸೀಳಿರುತ್ತದೆ, ಏಕೆಂದರೆ ನೀರು ಹೆಪ್ಪುಗಟ್ಟುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ.

ನೀರಿಗೊಂದು, ಬೇವಿಗೊಂದು

ಪಾಶ್ಚಾತ್ಯರ ಪುಸ್ತಕಗಳಲ್ಲಿ ಹತ್ತಾರು ನಮೂನೆಯ ಗ್ಲಾಸು ಇರುತ್ತವೆ. ಅದರ ಪಟ್ಟಿ ನಮಗೆ ಬೇಡ. ನಮ್ಮ ಮನೆಯಲ್ಲಿ ಏನು ಕುಡಿಯುತ್ತೇವೋ ಅದಕ್ಕೆ ತಕ್ಕಂತೆ ಮೂರು ಅಳತೆ ಇದ್ದರೆ ಸಾಕು.

ನೀರಿಗೆ 250ರಿಂದ 300 ಮಿ.ಲೀ. ಹಿಡಿಯುವ ನೇರ, ಸಾದಾ ಗ್ಲಾಸು. ಬಿಸಿಲಲ್ಲಿ ಬಂದವರಿಗೆ ಚಿಕ್ಕ ಗ್ಲಾಸಿನಲ್ಲಿ ನೀರು ಕೊಟ್ಟರೆ ಅವರು ಸಂಕೋಚದಿಂದ ಮತ್ತೆ ಕೇಳುವುದಿಲ್ಲ. ಶರಬತ್ತಿಗೆ 180ರಿಂದ 200 ಮಿ.ಲೀ. ಸಾಕು. ಒಂದು ಲೀಟರ್ ಜಗ್ಗಿನಲ್ಲಿ ಸರಿಯಾಗಿ ಐದು ಗ್ಲಾಸು ಆಗುತ್ತದೆ, ಲೆಕ್ಕವೂ ಸುಲಭ. ಚಹಾಕ್ಕೆ 100ರಿಂದ 150.

ಬೇವಿನ ಮಾತು ಬೇರೆ. ಬೆಂಗಳೂರು, ಮೈಸೂರು ಕಡೆ ಯುಗಾದಿಗೆ ಬೇವು-ಬೆಲ್ಲವನ್ನು ಚಿಟಿಕೆಯಷ್ಟು ಅಂಗೈಗೆ ಹಾಕುತ್ತಾರೆ. ನಮ್ಮ ಕಡೆ ಬೇವು ಎಂದರೆ ಗ್ಲಾಸುಗಟ್ಟಲೆ ಕುಡಿಯುವ ಪಾನಕ! ಹುಣಸೆಹುಳಿ, ಬೆಲ್ಲ, ಮಾವಿನಕಾಯಿ, ಪುಠಾಣಿ ಹಿಟ್ಟು, ಬೇವಿನ ಹೂವು, ಅನುಕೂಲವಿದ್ದರೆ ಗೋಡಂಬಿ, ಒಣದ್ರಾಕ್ಷಿ, ಖರ್ಜೂರ. ಕುಡಿಯುವುದು ಅರ್ಧ, ತಿನ್ನುವುದು ಅರ್ಧ. ಎತ್ತರದ, ಸಪೂರ ಗ್ಲಾಸಿನಲ್ಲಿ ಕೊಟ್ಟರೆ ದ್ರಾಕ್ಷಿಯೆಲ್ಲ ತಳಕ್ಕೆ ಕೂತು ಬೀಗರು ಗ್ಲಾಸಿನ ಹಿಂಬದಿ ತಟ್ಟುತ್ತಾ ಕೂಡಬೇಕಾಗುತ್ತದೆ. ಇದಕ್ಕೆ ಅಗಲ ಬಾಯಿಯ ಗಿಡ್ಡ ಗ್ಲಾಸು, ಜೊತೆಗೊಂದು ಚಿಕ್ಕ ಚಮಚ. ಗಾಜಿನ ನಿಜವಾದ ಹೆಚ್ಚುಗಾರಿಕೆ ಕಾಣುವುದೂ ಇಲ್ಲೇ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಣಸೆಹುಳಿ ಇಟ್ಟರೆ ರುಚಿ ಕೆಡುತ್ತದೆ, ಹೊಟ್ಟೆಗೂ ಒಳ್ಳೆಯದಲ್ಲ. ಗಾಜಿಗೆ ಯಾವ ಹುಳಿಯೂ ತಾಗುವುದಿಲ್ಲ.

ರಮ್‌ಜಾನ್‌ನಲ್ಲಿ ಪಕ್ಕದ ಮನೆಯಿಂದ ಬರುವ ಗುಲಾಬಿ ಶರಬತ್ತಿಗೆ, ಕಾಮಕಸ್ತೂರಿ ಬೀಜ ಹಾಕಿದ ಫಾಲೂದಾಕ್ಕೆ ಎತ್ತರದ ಗ್ಲಾಸೇ ಚೆಂದ, ಬಣ್ಣ ಬಣ್ಣದ ಪದರು ಕಾಣಬೇಕಲ್ಲ? ಆದರೆ ತೊಳೆಯುವುದು ಹೇಗೆಂದು ಕೊಳ್ಳುವಾಗಲೇ ಯೋಚಿಸಿ. ಬಳೆ ತೊಟ್ಟ ಕೈಯನ್ನು ಇಕ್ಕಟ್ಟು ಗ್ಲಾಸಿನೊಳಗೆ ತುರುಕಿ ತಿರುಗಿಸುವಾಗ ಅದು ಒಡೆದರೆ ಗಾಯವಾಗುವುದು ಮಣಿಕಟ್ಟಿಗೆ. ಬಾಟಲಿ ತೊಳೆಯುವ ಬ್ರಷ್ ಕೊಂಡುಬಿಡಿ.

ಕಾಲುಳ್ಳ ಗ್ಲಾಸು ಬೇಕೆ? ಕೈಯ ಬಿಸಿ ತಂಪು ಪಾನೀಯಕ್ಕೆ ತಾಗದಿರಲೆಂದು ಆ ಕಾಲು. ನೋಡಲು ಸೊಗಸು. ಆದರೆ ಮಕ್ಕಳು ಓಡಾಡುವ ಮನೆಯಲ್ಲಿ, ಕಲ್ಲಿನ ಮೋರಿಯಲ್ಲಿ ಪಾತ್ರೆ ತೊಳೆಯುವಲ್ಲಿ ಅದಕ್ಕೆ ಆಯುಷ್ಯ ಕಡಿಮೆ. ಶಾವಿಗೆ ಪಾಯಸ, ಗುಲಾಬ್ ಜಾಮೂನಿಗೆ ಬಿಳಿಯ ಓಪಲ್ ಗಾಜಿನ ಬಟ್ಟಲು ಚೆನ್ನ. ಮಜ್ಜಿಗೆಗೆ? ಸ್ಟೀಲ್ ಲೋಟವೇ ಇರಲಿ ಬಿಡಿ. ಎಲ್ಲವನ್ನೂ ಗಾಜಿನಲ್ಲೇ ಕೊಡಬೇಕೆಂಬ ಹರಕೆಯೇನೂ ಇಲ್ಲ.

ಕೊಳ್ಳುವಾಗ

ಡಬ್ಬಿ ಬಿಚ್ಚಿ ನೋಡದೆ ಕೊಳ್ಳಬೇಡಿ. ಗ್ಲಾಸನ್ನು ಅಂಗಡಿಯ ಸಮತಟ್ಟಾದ ಮೇಜಿನ ಮೇಲಿಟ್ಟು ಅಲುಗಾಡುತ್ತದೆಯೇ ನೋಡಿ. ಬೆಳಕಿಗೆ ಹಿಡಿದು ಗುಳ್ಳೆ, ಗೆರೆ ಹುಡುಕಿ. ಅಂಚಿನ ಮೇಲೆ ಉಗುರು ಆಡಿಸಿ. ಬೆರಳಿನಿಂದ ತಟ್ಟಿದರೆ ಸರಿಯಿರುವ ಗ್ಲಾಸು ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಬೊದ್ದೆನ್ನುತ್ತದೆ. ವಿನ್ಯಾಸ ಸಾದಾ ಇದ್ದಷ್ಟೂ ಲಾಭ, ಎರಡು ಒಡೆದರೆ ಅಂಥದ್ದೇ ಎರಡು ಮತ್ತೆ ಸಿಗುತ್ತವೆ. ಹೂಬಳ್ಳಿಯ ಸೆಟ್ಟಿನಲ್ಲಿ ಒಂದು ಹೋದರೆ ಸೆಟ್ಟೇ ಹೋದಂತೆ. ಆರು ಜನರ ಸೆಟ್ ಬದಲು ಒಂದೇ ತರಹದ ಎಂಟು ಕೊಂಡಿಟ್ಟರೆ ಇನ್ನೂ ಜಾಣತನ.

ಬಿದ್ದರೂ ಸುಲಭಕ್ಕೆ ಒಡೆಯದ ಟಫನ್ಡ್ ಗ್ಲಾಸು ಫರ್ಸಿ ನೆಲದ ಮನೆಗೆ, ಮಕ್ಕಳಿರುವ ಮನೆಗೆ ಒಳ್ಳೆಯ ಆಯ್ಕೆ. ಒಡೆದಾಗ ಚೂಪು ಹೋಳಾಗದೆ ಸಕ್ಕರೆ ಹರಳಿನಂತೆ ಪುಡಿಯಾಗುತ್ತದೆ. ಅಂಚಿಗೆ ಬಿದ್ದ ಏಟು ಅಥವಾ ಗೀರು ಒಳಗೇ ಕುಳಿತು, ಎಷ್ಟೋ ದಿನದ ಮೇಲೆ ತಾನಾಗಿ ಸಿಡಿಯುವುದೂ ಉಂಟು. ಗೀರು ಬಿದ್ದದ್ದನ್ನು ತೆಗೆದುಬಿಡಿ.

ಕ್ರಿಸ್ಟಲ್ ಕೊಳ್ಳುವವರು ಸೀಸವಿಲ್ಲದ್ದು ಕೇಳಿ ಪಡೆಯಿರಿ. ಹಳೆಯ ಮಾದರಿಯ ಕ್ರಿಸ್ಟಲ್‌ನಲ್ಲಿ ನೂರಕ್ಕೆ 24 ಅಥವಾ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಹೊಳಪು ಅದರಿಂದಲೇ. ಅಂಥದ್ದರಲ್ಲಿ ಲಿಂಬೆ ಶರಬತ್ತು, ಉಪ್ಪಿನಕಾಯಿ ಇಟ್ಟರೆ ಸೀಸ ಇಳಿಯುತ್ತದೆ. ಮಕ್ಕಳಿಗಂತೂ ಬೇಡವೇ ಬೇಡ. ತುಟಿ ತಾಗುವ ಅಂಚಿನಲ್ಲಿ ಬಣ್ಣದ ಚಿತ್ರ ಬರೆದ ಅಗ್ಗದ ಗ್ಲಾಸನ್ನೂ ಬಿಟ್ಟುಬಿಡಿ, ಅಂಥ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು.

ಕಲಬುರಗಿಯ ಸೂಪರ್ ಮಾರ್ಕೆಟ್ ಇದ್ದೇ ಇದೆ. ಚಿತ್ತಾಪುರ, ಸೇಡಂನಿಂದ ರೈಲು ಹಿಡಿದು ಹೈದರಾಬಾದ್‌ಗೆ ಹೋಗುವವರು ಬೇಗಂ ಬಜಾರ್‌ನ ಪಾತ್ರೆ ಅಂಗಡಿಗಳನ್ನು ಸುತ್ತಿಬರಬಹುದು. ನಾವು ತೊಡುವ ಬಳೆಗಳ ಊರಾದ ಉತ್ತರಪ್ರದೇಶದ ಫಿರೋಜಾಬಾದ್‌ನ ಗ್ಲಾಸುಗಳೂ ಮಾರುಕಟ್ಟೆಯಲ್ಲಿವೆ. ತರುವಾಗ ಗ್ಲಾಸಿನೊಳಗೆ ಕಾಗದ ತುಂಬಿ, ಹೊರಗೂ ಸುತ್ತಿ, ಮಲಗಿಸದೆ ನಿಲ್ಲಿಸಿ ಇಡಿ. ಚಿಂಚೋಳಿಯ ರಸ್ತೆಯಲ್ಲಿ ಬಸ್ಸಿನಲ್ಲಿ ತರುವವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದೇ ಕ್ಷೇಮ!

ಒಡೆದಂಚಿನ ಗ್ಲಾಸು ಯಾರಿಗೆ?

ಟ್ರೇಗೆ ಒಂದು ಒದ್ದೆ ಬಟ್ಟೆ ಹಾಸಿದರೆ ಗ್ಲಾಸು ಜಾರುವುದಿಲ್ಲ. ಮುಕ್ಕಾಲು ಮಾತ್ರ ತುಂಬಿ. ಬೆರಳು ಒಳಗದ್ದಿ ನಾಲ್ಕು ಗ್ಲಾಸು ಒಟ್ಟಿಗೆ ಎತ್ತುವ ಹೋಟೆಲ್ ಚಾಳಿ ಮನೆಗೆ ಬೇಡ. ತಳದ ಹತ್ತಿರ ಹಿಡಿದು ಕೊಡಿ. ಇಷ್ಟೇ, ಇದರಲ್ಲಿ ದೊಡ್ಡ ಶಾಸ್ತ್ರವೇನಿಲ್ಲ.

ಆದರೆ ಒಂದು ಕೇಳುತ್ತೇನೆ. ಬಂದವರಿಗೆಲ್ಲ ಒಳ್ಳೆಯ ಗ್ಲಾಸು ಹೋದ ಮೇಲೆ, ಅಂಚು ಹಾರಿದ ಆ ಒಂದು ಗ್ಲಾಸು ಯಾರ ಪಾಲಿಗೆ ಬರುತ್ತದೆ? ಅಡುಗೆಮನೆಯಲ್ಲಿ ನಿಂತೇ ಆರಿದ ಚಹಾ ಕುಡಿಯುವ ನಿಮ್ಮ ಪಾಲಿಗೆ, ಅಲ್ಲವೇ? ತುಟಿ ಸೀಳಿದರೆ, ಚೂರು ಹೊಟ್ಟೆಗೆ ಹೋದರೆ ಯಾರು ಗತಿ? ಅಂಚು ಹಾರಿದ ದಿನವೇ ಆ ಗ್ಲಾಸಿನ ಕುಡಿಯುವ ಕೆಲಸ ಮುಗಿಯಿತು. ಪೆನ್ನು ಇಡಲು, ಮನಿಪ್ಲಾಂಟ್ ಬೆಳೆಸಲು ಬಳಸಿ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕೆಲಸಕ್ಕೆ ಬರುವಾಕೆಗೆಂದು ಕಿಟಕಿಯ ಮೇಲೆ ಬೇರೆ ಲೋಟ ಇಡುವ ಮನೆಗಳು ಇನ್ನೂ ಇವೆ. ಹೋಟೆಲಿನಲ್ಲಿ ಅಸ್ಪೃಶ್ಯತೆಯಿಂದ ಹಾಗೆ ಮಾಡಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮನೆಯೊಳಗೆ ನೋಡುವವರಿಲ್ಲ ಎಂದು ಅದು ಸರಿಯಾಗುತ್ತದೆಯೇ? ನಿಮ್ಮ ಎಲ್ಲ ಗ್ಲಾಸನ್ನೂ ತೊಳೆಯುವ ಕೈ ಅದು. ಅದೇ ಗ್ಲಾಸಿನಲ್ಲಿ ಆಕೆಗೂ ಚಹಾ ಕೊಡಿ.

ಬಿದ್ದರೆ

ಫರ್ಸಿ ನೆಲದ ತಂಪು ಬೇಸಿಗೆಯಲ್ಲಿ ಹಿತ. ಗಾಜಿನ ಪಾಲಿಗೆ ಅದು ಸುತ್ತಿಗೆ. ಊಟಕ್ಕೆ ಕೂಡುವಲ್ಲಿ ಜಮಖಾನೆ, ತೊಳೆಯುವ ಮೋರಿಯಲ್ಲಿ ಹಳೆಯ ಟವೆಲ್ ಅಥವಾ ರಬ್ಬರ್ ಮ್ಯಾಟ್ ಹಾಸಿದರೆ ಅರ್ಧ ನಷ್ಟ ತಪ್ಪುತ್ತದೆ. ಒಂದರೊಳಗೊಂದು ಗ್ಲಾಸು ಸೇರಿಸಿಡಬೇಡಿ. ಸಿಕ್ಕಿಕೊಂಡರೆ ಜಗ್ಗಾಡದೆ ಒಳಗಿನದಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಬೆಚ್ಚನೆಯ ನೀರಿನಲ್ಲಿಡಿ. ಒಳಗಿನದು ಕುಗ್ಗಿ, ಹೊರಗಿನದು ಹಿಗ್ಗಿ ತಾವೇ ಬಿಡುತ್ತವೆ.

ಒಡೆದೇ ಹೋಯಿತೆ? 'ಅಯ್ಯ, ಇರಲಿ ಬಿಡ್ರಿ' ಎಂದು ಅತಿಥಿಗೆ ಸಮಾಧಾನ ಹೇಳಿ, ಮೊದಲು ಮಕ್ಕಳನ್ನು ದೂರ ಕಳಿಸಿ, ಕಾಲಿಗೆ ಚಪ್ಪಲಿ ಹಾಕಿಕೊಳ್ಳಿ. ದೊಡ್ಡ ಹೋಳುಗಳನ್ನು ದಪ್ಪ ರಟ್ಟಿನಿಂದ ಎತ್ತಿ. ಗುಡಿಸಿದ ಮೇಲೂ ಉಳಿಯುವ ಸಣ್ಣ ಚೂರುಗಳಿಗೆ ಒದ್ದೆ ಮಾಡಿದ ಪತ್ರಿಕೆ ಅಥವಾ ಗೋಧಿ ಹಿಟ್ಟಿನ ಕಣಕದ ಉಂಡೆ ಒತ್ತಿದರೆ ಅಂಟಿಕೊಂಡು ಬರುತ್ತವೆ. ಆ ಕಣಕವನ್ನು ದನಕ್ಕೆ ಹಾಕಬೇಡಿ ಮತ್ತೆ! ದೀಪ ಆರಿಸಿ, ಬ್ಯಾಟರಿಯನ್ನು ನೆಲಕ್ಕೆ ತಾಗಿಸಿ ಹಿಡಿದರೆ ಉಳಿದ ಚೂರು ಮಿನುಗುತ್ತವೆ. ಟಫನ್ಡ್ ಗ್ಲಾಸಾದರೆ ಹರಳು ದೂರದವರೆಗೆ ಚಿಮ್ಮಿರುತ್ತದೆ, ಕೋಣೆಯಿಡೀ ಗುಡಿಸಬೇಕು.

ಚೂರನ್ನು ಹಸಿ ಕಸದ ಜೊತೆ ಹಾಕಬೇಡಿ. ನಾಲ್ಕು ಪದರು ಪತ್ರಿಕೆಯಲ್ಲಿ ಸುತ್ತಿ, ಖಾಲಿ ಡಬ್ಬಿಯೊಂದಕ್ಕೆ ಹಾಕಿ ಮುಚ್ಚಿ, ಮೇಲೆ 'ಗಾಜು' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಬೆಳಿಗ್ಗೆ ಗಾಡಿ ಬಂದಾಗ ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿಯೇ ಕೊಡಿ. ಅವರಲ್ಲಿ ಅನೇಕರು ಕೈಗವಸಿಲ್ಲದೆ ಕಸ ಬೇರ್ಪಡಿಸುತ್ತಾರೆ.